ರಾಜಕಾರಣಕ್ಕೆ ಬಂದ ವಕೀಲರ ನ್ಯಾಯಾಲಯದ ದಿನಗಳನ್ನು ದಾಖಲಿಸುವ ಬಗೆ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಕರಿಕೋಟು ಕಳಚಿಟ್ಟು ರಾಜ್ಯ ರಾಜಕಾರಣಕ್ಕೆ ಬಂದವರಿಗೆ ಕೊರತೆಯಿಲ್ಲ. 1947ರ ಅಕ್ಟೋಬರ್ 25ರಂದು ಮೈಸೂರಿನ ಮೊದಲ ಮುಖ್ಯಮಂತ್ರಿಯಾದ ಕೆ.ಸಿ. ರೆಡ್ಡಿಯವರು ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯವರು, ಕಾನೂನು ಓದಿದವರು. ನಮ್ಮ ಕಾಲದಲ್ಲಿಯೇ ತುಮಕೂರು ಜಿಲ್ಲೆಯ ಟಿ.ಬಿ. ಜಯಚಂದ್ರ ಅವರು 2013ರಲ್ಲಿ ಬಂದ ಸರ್ಕಾರದಲ್ಲಿಯೂ, ಜೆ.ಸಿ. ಮಾಧುಸ್ವಾಮಿಯವರು 2019ರಲ್ಲಿ ಬಂದ ಸರ್ಕಾರದಲ್ಲಿಯೂ ಕಾನೂನು ಖಾತೆಯ ಸಚಿವರಾಗಿದ್ದರು. ಇಂಥ ಪ್ರಸಿದ್ಧರಲ್ಲದೆ, ಒಂದು ಅವಧಿಗೆ ಶಾಸಕರಾಗಿ ಮರಳಿ ತಾಲ್ಲೂಕು ನ್ಯಾಯಾಲಯದ ಹಳೆಯ ಕುರ್ಚಿಗೇ ಬಂದು ಕುಳಿತವರೂ ಇದ್ದಾರೆ. ಇವರೆಲ್ಲರ ರಾಜಕೀಯ ಜೀವನದ ಬಗ್ಗೆ ಪತ್ರಿಕೆಗಳಲ್ಲಿ, ಅಭಿನಂದನ ಗ್ರಂಥಗಳಲ್ಲಿ ಬೇಕಾದಷ್ಟು ಸಿಗುತ್ತದೆ. ವಕೀಲಿ ವೃತ್ತಿಯ ಬಗ್ಗೆ ಸಿಗುವುದು ಮಾತ್ರ ‘ಕೆಲಕಾಲ ವಕೀಲರಾಗಿ ಸೇವೆ ಸಲ್ಲಿಸಿ’ ಎಂಬ ಒಂದು ಸಾಲು. ಆ ಒಂದು ಸಾಲಿನೊಳಗೆ ಹತ್ತು ಹದಿನೈದು ವರ್ಷಗಳ ದುಡಿಮೆ, ನೂರಾರು ಹಳ್ಳಿಗಳ ವ್ಯಾಜ್ಯ, ಆ ಮನುಷ್ಯನ ಬುದ್ಧಿ ಹದಗೊಂಡ ಕಾಲ ಎಲ್ಲವೂ ಅಡಗಿರುತ್ತದೆ. ಅದನ್ನು ಹೊರತೆಗೆಯುವುದು ಹೇಗೆ ಎಂಬುದನ್ನು, ಈ ಕೆಲಸವನ್ನು ಕೆಲವು ಬಾರಿ ಸರಿಯಾಗಿ ಮತ್ತು ಒಂದು ಬಾರಿ ತಪ್ಪಾಗಿ ಮಾಡಿದ ಅನುಭವದಿಂದ ಇಲ್ಲಿ ವಿವರಿಸುತ್ತೇನೆ. ವಕೀಲರೊಬ್ಬರ ನಿಜವಾದ ಕೆಲಸವು ಸನ್ಮಾನದ ಭಾಷಣಗಳಲ್ಲಾಗಲೀ ಮೇಲಿನ ನ್ಯಾಯಾಲಯದ ಅಚ್ಚಾದ ತೀರ್ಪುಗಳಲ್ಲಾಗಲೀ ಇರುವುದಕ್ಕಿಂತ ಹೆಚ್ಚಾಗಿ ಕೆಳಗಿನ ನ್ಯಾಯಾಲಯದ ಸಾಕ್ಷ್ಯದ ಹಾಳೆಗಳಲ್ಲಿದೆ ಎಂಬುದು ನನ್ನ ದೃಢವಾದ ನಂಬಿಕೆ.

ಮೊದಲು ವ್ಯಕ್ತಿಯ ವೃತ್ತಿಯ ಆದಿ ಅಂತ್ಯಗಳನ್ನು ಗೊತ್ತುಮಾಡಿಕೊಳ್ಳಿ. 1961ರ ವಕೀಲರ ಅಧಿನಿಯಮದ ನಂತರ ಸನ್ನದು ಪಡೆದವರೆಲ್ಲರ ಹೆಸರು ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನ ನೋಂದಣಿ ಪಟ್ಟಿಯಲ್ಲಿರುತ್ತದೆ. ‘ಕೆಎಆರ್’ ಎಂಬ ಅಕ್ಷರಗಳ ಮುಂದೆ ಕ್ರಮಸಂಖ್ಯೆ, ಅದರ ಮುಂದೆ ವರ್ಷ ಬರುವ ಈ ನೋಂದಣಿ ಸಂಖ್ಯೆ ನಿಮ್ಮ ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿರಲಿ. ಪದವಿ ಪಡೆದ ವರ್ಷಕ್ಕೂ ನೋಂದಣಿಯ ವರ್ಷಕ್ಕೂ, ನೋಂದಣಿಯ ವರ್ಷಕ್ಕೂ ಸ್ವತಂತ್ರವಾಗಿ ವಕಾಲತ್ತು ಹಾಕಿದ ಮೊದಲ ವರ್ಷಕ್ಕೂ ಅಂತರವಿರುವುದು ಸಹಜ. ಈ ಮೂರನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಿ. ಇನ್ನೂ ಹಿಂದಿನ ಕಾಲದವರಾದರೆ ಸಂಸ್ಥಾನದ ವ್ಯವಸ್ಥೆಯನ್ನು ನೆನಪಿಡಬೇಕು: ಮೈಸೂರಿನಲ್ಲಿ 1884ರಲ್ಲಿ ಸ್ಥಾಪನೆಯಾದ ಮುಖ್ಯ ನ್ಯಾಯಾಲಯವು 1930ರಲ್ಲಿ ಹೈಕೋರ್ಟ್ ಎಂಬ ಹೆಸರು ಪಡೆಯಿತು, ಆಗ ಪ್ಲೀಡರ್ ಎಂದರೆ ವಕೀಲರ ಒಂದು ದರ್ಜೆ, ಅಡ್ವೊಕೇಟ್ ಎಂದರೆ ಇನ್ನೊಂದು. ಹಾಗೆಯೇ ‘ಹಿರಿಯ ವಕೀಲರು’ ಎಂಬ ಮಾತನ್ನು ಪತ್ರಿಕೆಯಲ್ಲಿ ಕಂಡಕೂಡಲೇ ಎತ್ತಿ ಬರೆಯಬೇಡಿ. ವಯಸ್ಸಿನ ಗೌರವಕ್ಕೆ ಹೇಳುವ ಹಿರಿತನ ಬೇರೆ; ಅಧಿನಿಯಮದ 16ನೇ ಪ್ರಕರಣದಂತೆ (ಸೆಕ್ಷನ್) ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟ್ ಕೊಡುವ ಹಿರಿಯ ವಕೀಲರೆಂಬ ಪದನಾಮ ಬೇರೆ.

ಕಡತ ಎಲ್ಲಿದೆ ಎಂಬುದನ್ನು ಪತ್ತೆಮಾಡುವುದು

ಈಗ ಎಲ್ಲರೂ ಮೊದಲು ತೆರೆಯುವುದು ನ್ಯಾಯಾಲಯಗಳ ಪ್ರಕರಣಗಳ ವಿವರ ಸಿಗುವ ಇ-ಕೋರ್ಟ್ಸ್ ಜಾಲತಾಣವನ್ನು. ಅಲ್ಲಿ ಜಿಲ್ಲೆಯನ್ನೂ ನ್ಯಾಯಾಲಯ ಸಂಕೀರ್ಣವನ್ನೂ ಆರಿಸಿ, ವಕೀಲರ ಹೆಸರು ಅಥವಾ ನೋಂದಣಿ ಸಂಖ್ಯೆ ಕೊಟ್ಟು ಹುಡುಕಬಹುದು. ಸಿಗುವ ಪ್ರತಿ ಪ್ರಕರಣಕ್ಕೂ ಅದನ್ನೊಂದನ್ನೇ ಗುರುತಿಸುವ, 16 ಅಕ್ಷರ ಮತ್ತು ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಆದರೆ 1970 ಅಥವಾ 1980ರ ದಶಕದಲ್ಲಿ ವಕೀಲರಾಗಿದ್ದು ಆಮೇಲೆ ಶಾಸಕರಾದವರ ವಿಷಯದಲ್ಲಿ ಈ ತಾಣ ಹೆಚ್ಚಿನ ಸಹಾಯ ಮಾಡುವುದಿಲ್ಲ, ಏಕೆಂದರೆ ಅವರ ಪ್ರಕರಣಗಳಲ್ಲಿ ಬಹುಪಾಲು ಗಣಕಯಂತ್ರ ಬರುವುದಕ್ಕೆ ಮುಂಚೆಯೇ ಇತ್ಯರ್ಥವಾಗಿ ಬಟ್ಟೆಯ ಗಂಟು ಸೇರಿರುತ್ತವೆ. ಅಲ್ಲಿ ಹೆಸರು ಕಾಣಲಿಲ್ಲ ಎಂಬ ಒಂದೇ ಕಾರಣಕ್ಕೆ ‘ಇವರು ಹೆಸರಿಗೆ ಮಾತ್ರ ವಕೀಲರು’ ಎಂದು ತೀರ್ಮಾನಿಸುವುದು ಅನ್ಯಾಯ.

ಹಳೆಯ ಪ್ರಕರಣಗಳ ಸಂಖ್ಯೆ ಸಿಗುವ ಅತ್ಯುತ್ತಮ ಜಾಗ ವಕೀಲರ ಕಚೇರಿಯ ಡೈರಿ. ದಿನಕ್ಕೊಂದು ಪುಟ, ಆ ಪುಟದಲ್ಲಿ ನ್ಯಾಯಾಲಯದ ಹೆಸರು, ಪ್ರಕರಣದ ಸಂಖ್ಯೆ, ಕಕ್ಷಿದಾರರ ಊರು, ಅಂದಿನ ಹಂತ, ಮುಂದಿನ ವಾಯಿದೆ. ಈ ಡೈರಿಗಳನ್ನು ಕಾಪಾಡಿಕೊಂಡು ಬಂದವರು ಸಾಮಾನ್ಯವಾಗಿ ವಕೀಲರಲ್ಲ, ಅವರ ಗುಮಾಸ್ತರು. ಯಜಮಾನರು ವಿಧಾನಸಭೆಗೆ ಹೋದ ಮೇಲೆ ಕಚೇರಿಯನ್ನು ಕಿರಿಯ ವಕೀಲರೊಬ್ಬರು ವಹಿಸಿಕೊಂಡಿರುತ್ತಾರೆ, ಗುಮಾಸ್ತರು ಅಲ್ಲಿಯೇ ಮುಂದುವರಿದಿರುತ್ತಾರೆ. ಆದ್ದರಿಂದ ರಾಜಕಾರಣಿಯ ಮನೆಗೆ ಹೋಗುವುದಕ್ಕೆ ಮೊದಲು ಗುಮಾಸ್ತರನ್ನು ಕಾಣಿ. ಅವರಿಗೆ ಯಾವ ಊರಿನ ಆಸ್ತಿ ಭಾಗದ ದಾವೆ ಎಷ್ಟು ವರ್ಷ ನಡೆಯಿತು, ಯಾವುದು ರಾಜಿಯಾಯಿತು, ಯಾವುದು ಬೆಂಗಳೂರಿನವರೆಗೆ ಹೋಯಿತು ಎಂಬುದು ಬಾಯಿಪಾಠವಾಗಿರುತ್ತದೆ.

ಸಂಖ್ಯೆ ಸಿಕ್ಕಿದ ಮೇಲೆ ನ್ಯಾಯಾಲಯವನ್ನು ಸರಿಯಾಗಿ ಗುರುತಿಸಬೇಕು. ಓ.ಎಸ್. ಎಂದರೆ ಮೂಲ ದಾವೆ, ಆರ್.ಎ. ಎಂದರೆ ಮೇಲ್ಮನವಿ, ಎಲ್.ಎ.ಸಿ. ಎಂದರೆ ಭೂಸ್ವಾಧೀನದ ಪರಿಹಾರದ ಪ್ರಕರಣ, ಎಂ.ವಿ.ಸಿ. ಎಂದರೆ ವಾಹನ ಅಪಘಾತದ ಪರಿಹಾರ, ಸಿ.ಸಿ. ಮತ್ತು ಎಸ್.ಸಿ. ಎಂದರೆ ಕ್ರಿಮಿನಲ್ ಪ್ರಕರಣಗಳು. ಹಳೆಯ ಕಡತದಲ್ಲಿ ಮುನ್ಸೀಫ್ ನ್ಯಾಯಾಲಯ ಎಂದಿರುವುದು ಇಂದಿನ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯ. ಅದೇ ಹಳೆಯ ಕಡತದಲ್ಲಿ ಸಿವಿಲ್ ಜಡ್ಜ್ ಎಂದಿದ್ದರೆ ಅದು ಇಂದಿನ ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯ. ಈ ಹೆಸರುಗಳ ಗೊಂದಲದಿಂದ ಎರಡು ದಿನ ತಪ್ಪು ಕಿಟಕಿಯ ಮುಂದೆ ನಿಂತವರನ್ನು ನಾನು ಕಂಡಿದ್ದೇನೆ. ಚಿಕ್ಕಬಳ್ಳಾಪುರದವರು ಇನ್ನೊಂದು ಸಂಗತಿ ಗಮನಿಸಬೇಕು: ಜಿಲ್ಲೆ ಕೋಲಾರದಿಂದ ಬೇರೆಯಾದದ್ದು 2007ರಲ್ಲಿ. ಅದಕ್ಕೆ ಹಿಂದೆ ಗೌರಿಬಿದನೂರು, ಬಾಗೇಪಲ್ಲಿ, ಚಿಂತಾಮಣಿ, ಶಿಡ್ಲಘಟ್ಟಗಳ ವ್ಯಾಜ್ಯಗಳು ಜಿಲ್ಲಾ ನ್ಯಾಯಾಲಯದ ಹಂತ ತಲುಪಿದಾಗ ಆ ಜಿಲ್ಲೆ ಕೋಲಾರವೇ ಆಗಿತ್ತು, ಆದ್ದರಿಂದ ಕೋಲಾರದಲ್ಲಿಯೂ ವಿಚಾರಿಸದೆ ‘ಕಡತ ಇಲ್ಲ’ ಎಂದು ಬರೆಯಬಾರದು. ತುಮಕೂರಿನ ಹೆಸರನ್ನು ಇಂಗ್ಲಿಷ್ ದಾಖಲೆಗಳಲ್ಲಿ ಬರೆಯುವ ರೀತಿ 2014ರ ನವೆಂಬರ್ 1ರಿಂದ ಬದಲಾಗಿದೆ. ಗಣಕಯಂತ್ರದಲ್ಲಿ ಹುಡುಕುವಾಗ ಹಳೆಯ, ಹೊಸ ಎರಡೂ ಕಾಗುಣಿತ ಕೊಟ್ಟು ನೋಡಿ.

ಕಡತದ ಪ್ರತಿಗಾಗಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯುವವರು ಬಹಳ. ನ್ಯಾಯಾಂಗದ ಕಡತಗಳ ಪ್ರತಿಯನ್ನು ಆಯಾ ನ್ಯಾಯಾಲಯದ ನಿಯಮಗಳ ಪ್ರಕಾರವೇ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರ ತೀರ್ಪಿನಲ್ಲಿ, ಗುಜರಾತ್ ಹೈಕೋರ್ಟಿಗೆ ಸಂಬಂಧಿಸಿದ ಪ್ರಕರಣದಲ್ಲಿ, ಸ್ಪಷ್ಟಪಡಿಸಿದೆ. ಆದ್ದರಿಂದ ನೇರವಾಗಿ ನಕಲು ಶಾಖೆಗೆ ಹೋಗಿ ನಕಲು ಅರ್ಜಿಯನ್ನೇ ಹಾಕಿ. ನೀವು ಆ ಪ್ರಕರಣದ ಪಕ್ಷಗಾರರಲ್ಲವಾದ ಕಾರಣ, ಪ್ರತಿ ಏಕೆ ಬೇಕು ಎಂಬುದನ್ನು ತಿಳಿಸುವ ಪ್ರಮಾಣಪತ್ರವನ್ನು (ಅಫಿಡವಿಟ್) ಜೊತೆಗಿಟ್ಟು ನ್ಯಾಯಾಧೀಶರ ಅನುಮತಿ ಪಡೆಯಬೇಕಾಗುತ್ತದೆ. ‘ಜಿಲ್ಲೆಯ ವಕೀಲರ ವೃತ್ತಿ ಚರಿತ್ರೆಯನ್ನು ಬರೆಯುವ ಉದ್ದೇಶಕ್ಕಾಗಿ’ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಇಡೀ ಕಡತ ಕೇಳದೆ ತೀರ್ಪು, ಸಾಕ್ಷ್ಯದ ಹಾಳೆಗಳು ಮತ್ತು ಆದೇಶ ಹಾಳೆ ಈ ಮೂರನ್ನು ಕೇಳಿ. ಕಡತಗಳನ್ನು ನಿಯಮದಂತೆ ನಾಶಪಡಿಸುವ ಪದ್ಧತಿಯೂ ಇರುವುದರಿಂದ ಸಾಕ್ಷ್ಯದ ಹಾಳೆಗಳು ಹೋಗಿ ತೀರ್ಪು ಮಾತ್ರ ಉಳಿದಿರುವ ಸಾಧ್ಯತೆ ಇದೆ. ಅಂಥ ಪ್ರಕರಣ ಮೇಲ್ಮನವಿಗೆ ಹೋಗಿದ್ದರೆ ಮೇಲಿನ ತೀರ್ಪಿನಲ್ಲಿ ಸಾಕ್ಷ್ಯದ ಸಾರವಾದರೂ ಸಿಗುತ್ತದೆ.

ಸಾಕ್ಷ್ಯದ ಹಾಳೆಯನ್ನು ಓದುವುದು

ಇದು ಈ ಕೆಲಸದ ಹೃದಯವಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ವಕಾಲತ್ತಿನಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ಆ ಪ್ರಕರಣವನ್ನು ನಡೆಸಿದವರು ಅವರೇ ಎಂದಾಗುವುದಿಲ್ಲ. ಒಂದು ಕಚೇರಿಯ ವಕಾಲತ್ತಿನಲ್ಲಿ ಮೂರು ನಾಲ್ಕು ಹೆಸರುಗಳಿರುತ್ತವೆ. ಮೊದಲ ಹೆಸರು ಕಚೇರಿಯ ಹಿರಿಯರದು, ದುಡಿದವರು ಕೊನೆಯ ಹೆಸರಿನವರಾಗಿರಬಹುದು. ತೀರ್ಪಿನ ತಲೆಬರಹದಲ್ಲಿಯೂ ಹಿರಿಯರ ಹೆಸರೇ ಬರುತ್ತದೆ. ಎದ್ದು ನಿಂತು ಪ್ರಶ್ನೆ ಕೇಳಿದವರು ಯಾರು ಎಂಬುದನ್ನು ತೋರಿಸುವುದು ಸಾಕ್ಷ್ಯದ ಹಾಳೆಯ ನಡುವೆ ಬರುವ ಒಂದು ಸಾಲು: ‘ಪಾಟಿ ಸವಾಲು: ಪ್ರತಿವಾದಿ ಪರ ವಕೀಲರಾದ ಶ್ರೀ ಇಂಥವರಿಂದ’. ಪಾಟಿ ಸವಾಲು ಎಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದು. ಆ ಸಾಲನ್ನು ಹುಡುಕಿ, ದಿನಾಂಕದೊಡನೆ ಬರೆದುಕೊಳ್ಳಿ. ಒಬ್ಬ ವ್ಯಕ್ತಿಯ ಹೆಸರು ಆ ಸಾಲಿನಲ್ಲಿ ಮೊದಲ ಬಾರಿ ಕಾಣಿಸುವ ದಿನವೇ, ನನ್ನ ಲೆಕ್ಕದಲ್ಲಿ, ಅವರ ವೃತ್ತಿಯ ನಿಜವಾದ ಆರಂಭ.

ನಮ್ಮ ತಾಲ್ಲೂಕು ನ್ಯಾಯಾಲಯಗಳ ಸಾಕ್ಷ್ಯದ ಹಾಳೆಯಲ್ಲಿ ಸಾಮಾನ್ಯವಾಗಿ ಪ್ರಶ್ನೆಗಳನ್ನು ಬರೆಯುವುದಿಲ್ಲ. ಸಾಕ್ಷಿಯ ಉತ್ತರವನ್ನು ಸಾಕ್ಷಿಯೇ ಹೇಳಿದ ಹಾಗೆ ಬರೆಯುತ್ತಾರೆ. ‘ದಾವಾ ಸ್ವತ್ತಿನ ಪೂರ್ವಕ್ಕೆ ಹಳ್ಳವಿದೆ ಎಂದರೆ ಸರಿ. ಆ ಹಳ್ಳವನ್ನು ನಾನೇ ಮುಚ್ಚಿಸಿದ್ದೇನೆ ಎಂದರೆ ಸರಿಯಲ್ಲ. ಪಹಣಿಯಲ್ಲಿ ಪ್ರತಿವಾದಿಯ ಹೆಸರಿರುವುದು ನನಗೆ ಗೊತ್ತಿದೆ. ಅದರ ಬಗ್ಗೆ ತಹಸೀಲ್ದಾರರಿಗೆ ನಾನು ತಕರಾರು ಅರ್ಜಿ ಕೊಟ್ಟಿರುವುದಿಲ್ಲ’ ಎಂಬ ಧಾಟಿಯಲ್ಲಿ ಅದು ಸಾಗುತ್ತದೆ. ಕೊನೆಯಲ್ಲಿ ತೆರೆದ ನ್ಯಾಯಾಲಯದಲ್ಲಿ ಬೆರಳಚ್ಚು ಮಾಡಿಸಲಾಗಿದೆ ಎಂಬ ಒಕ್ಕಣೆ, ಸಾಕ್ಷಿಯ ಸಹಿ ಅಥವಾ ಹೆಬ್ಬೆಟ್ಟು. ಓದುವವರು ಮಾಡಬೇಕಾದದ್ದು ಇಷ್ಟು: ಪ್ರತಿ ಉತ್ತರದ ಎದುರು ಅದನ್ನು ಹೊರಡಿಸಿದ ಪ್ರಶ್ನೆಯನ್ನು ಪೆನ್ಸಿಲಿನಲ್ಲಿ ಬರೆಯುವುದು. ಹೀಗೆ ಎರಡು ಪುಟ ಮುಗಿಸುವಷ್ಟರಲ್ಲಿ ವಕೀಲರ ಮನಸ್ಸು ಕೆಲಸ ಮಾಡುವ ರೀತಿ ಕಣ್ಣಿಗೆ ಕಟ್ಟುತ್ತದೆ. ಮೇಲಿನ ಮಾದರಿಯನ್ನೇ ನೋಡಿ. ಮೊದಲು ಯಾರೂ ಅಲ್ಲಗಳೆಯಲಾಗದ ಚಕ್ಕುಬಂದಿಯ, ಅಂದರೆ ಜಮೀನಿನ ಗಡಿಯ, ಸಂಗತಿಗೆ ‘ಸರಿ’ ಎನಿಸಿದ್ದಾರೆ; ನಡುವೆ ತಾವು ನಿರಾಕರಣೆಯನ್ನೇ ನಿರೀಕ್ಷಿಸಿದ ಒಂದು ಸೂಚನೆಯನ್ನು ಹಾಕಿದ್ದಾರೆ; ಆಮೇಲೆ ಪಹಣಿಯ ಮೂಲಕ ಸಾಕ್ಷಿಯನ್ನು ‘ತಕರಾರು ಮಾಡಲಿಲ್ಲ’ ಎಂಬಲ್ಲಿಗೆ ತಂದು ನಿಲ್ಲಿಸಿದ್ದಾರೆ. ಬಳಿಕ ತೀರ್ಪನ್ನು ತೆರೆದು, ನ್ಯಾಯಾಧೀಶರು ಯಾವ ಉತ್ತರವನ್ನು ಆಧಾರವಾಗಿಟ್ಟುಕೊಂಡರು ಎಂದು ನೋಡಿ. ಕೊನೆಯ ಆ ಒಂದು ಉತ್ತರದ ಮೇಲೆಯೇ ತೀರ್ಪು ನಿಂತಿದ್ದರೆ, ಅದು ವಕೀಲರ ಕೈಚಳಕದ ಬಗ್ಗೆ ಯಾವ ಅಭಿನಂದನ ಗ್ರಂಥಕ್ಕಿಂತಲೂ ಗಟ್ಟಿಯಾದ ಸಾಕ್ಷಿ.

2002ರ ಜುಲೈ 1ರಿಂದ ಜಾರಿಗೆ ಬಂದ ಸಿವಿಲ್ ಪ್ರಕ್ರಿಯಾ ಸಂಹಿತೆಯ ತಿದ್ದುಪಡಿಯ ನಂತರ ಮುಖ್ಯ ವಿಚಾರಣೆಯನ್ನು, ಅಂದರೆ ತಮ್ಮ ಕಡೆಯ ಸಾಕ್ಷಿಯಿಂದ ಹೇಳಿಸುವ ಹೇಳಿಕೆಯನ್ನು, ಪ್ರಮಾಣಪತ್ರದ ಮೂಲಕ ಸಲ್ಲಿಸುವ ಪದ್ಧತಿ ಬಂತು. ಅದು ವಕೀಲರ ಕಚೇರಿಯಲ್ಲಿ ಸಿದ್ಧವಾಗುವ ಬರಹ. ಅದರಲ್ಲಿ ಸಾಕ್ಷಿಯ ದನಿಗಿಂತ ಕಚೇರಿಯ ದನಿಯೇ ಹೆಚ್ಚು. ಅದಕ್ಕೆ ಹಿಂದಿನ ಕಡತಗಳಲ್ಲಾದರೆ ಮುಖ್ಯ ವಿಚಾರಣೆಯೂ ತೆರೆದ ನ್ಯಾಯಾಲಯದಲ್ಲಿಯೇ ನಡೆದಿರುವುದರಿಂದ ವಾದಿ ಪರ ವಕೀಲರು ತಮ್ಮ ಕಕ್ಷಿದಾರನಿಂದ ಕಥೆಯನ್ನು ಹೇಗೆ ಹೇಳಿಸಿದರು ಎಂಬುದೂ ಗೊತ್ತಾಗುತ್ತದೆ.

ಗೆದ್ದ, ಸೋತ ಪ್ರಕರಣಗಳ ಲೆಕ್ಕ ಹಾಕುವುದನ್ನು ನಾನು ಒಪ್ಪುವುದಿಲ್ಲ. ಪತ್ರವೇ ಇಲ್ಲದ ಬಡವನ ದಾವೆಯನ್ನು ಹಿಡಿದು ಸೋತವರನ್ನು, ನೋಂದಣಿಯಾದ ಕ್ರಯಪತ್ರ ಇಟ್ಟುಕೊಂಡು ಗೆದ್ದವರಿಗಿಂತ ಕಡಿಮೆಯೆಂದು ಕಾಣುವುದು ಹೇಗೆ? ಅದರ ಬದಲು ರಾಜಿ ಅರ್ಜಿಗಳನ್ನು ಎಣಿಸಿ. ಅಣ್ಣತಮ್ಮಂದಿರ ಭಾಗದ ದಾವೆಗಳಲ್ಲಿ ಎದುರು ಕಕ್ಷಿದಾರರೂ ಯಾರ ಮಾತಿಗೆ ಬಂದು ಕೂರುತ್ತಿದ್ದರೋ, ಹಳ್ಳಿಗಳಲ್ಲಿ ಅಂಥವರಿಗೆ ಮುಂದೆ ಮತ ಬೀಳುವುದು ಆಶ್ಚರ್ಯವಲ್ಲ.

ನ್ಯಾಯಾಲಯದ ಹೊರಗಿನ ಕಡತಗಳು, ಮತ್ತು ನನ್ನಿಂದಾದ ತಪ್ಪು

ನಮ್ಮ ಕಡೆಯ ವಕೀಲರಿಗೆ ಹಳ್ಳಿಗಳ ನಂಟು ಬೆಳೆದದ್ದು ಬಹುಮಟ್ಟಿಗೆ ಭೂಮಿಯ ವ್ಯಾಜ್ಯಗಳಿಂದ. ಹೇಮಾವತಿ ನಾಲೆಗೆ ತುಮಕೂರು ಜಿಲ್ಲೆಯಲ್ಲಿ ಜಮೀನು ಹೋದಾಗ, 1894ರ ಭೂಸ್ವಾಧೀನ ಅಧಿನಿಯಮದ 18ನೇ ಪ್ರಕರಣದಂತೆ ಹೆಚ್ಚಿನ ಪರಿಹಾರ ಕೇಳಿದ ಎಲ್.ಎ.ಸಿ. ಪ್ರಕರಣಗಳು ಒಂದು ಬಗೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆಯನ್ನು ತಡೆಯುವ 1978ರ ಅಧಿನಿಯಮದಡಿ, ಅಂದರೆ ಎಲ್ಲರೂ ಪಿ.ಟಿ.ಸಿ.ಎಲ್. ಎಂದು ಕರೆಯುವ ಕಾಯಿದೆಯಡಿ, ಉಪವಿಭಾಗಾಧಿಕಾರಿಗಳ ಮುಂದೆ ನಡೆದ ಪ್ರಕರಣಗಳು ಇನ್ನೊಂದು ಬಗೆ. ಈ ಎರಡನೆಯ ಬಗೆಯವು ಇರುವುದು ಕಂದಾಯ ಇಲಾಖೆಯ ದಾಖಲೆ ಕೊಠಡಿಯಲ್ಲಿ. ಇಲ್ಲಿ 10 ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿ ಉಪಯೋಗಕ್ಕೆ ಬರುತ್ತದೆ.

ಮೂರನೆಯದು ಗೇಣಿದಾರರ ಹಕ್ಕನ್ನು ತೀರ್ಮಾನಿಸುವ ಭೂ ನ್ಯಾಯಮಂಡಳಿ, ನಾನು ಎಡವಿದ್ದು ಅಲ್ಲಿಯೇ. ತಾಲ್ಲೂಕಿನ ಸ್ಮರಣ ಸಂಚಿಕೆಯೊಂದಕ್ಕೆ ಬರೆದ ಲೇಖನದಲ್ಲಿ, ಮುಂದೆ ಶಾಸಕರಾದ ವಕೀಲರೊಬ್ಬರು 1976ರಲ್ಲಿ ಭೂ ನ್ಯಾಯಮಂಡಳಿಯ ಎದುರು ನೂರಾರು ಗೇಣಿದಾರರ ಪರ ವಾದಿಸಿ ಜಮೀನು ಕೊಡಿಸಿದರು ಎಂದು, ಅವರ ಬಂಧುಗಳು ಹೇಳಿದ್ದನ್ನು ನಂಬಿ ಬರೆದೆ. ಸಂಚಿಕೆ ಅಚ್ಚಾಗಿ ಹಂಚಿದ ಮೇಲೆ ವಯಸ್ಸಾದ ವಕೀಲರೊಬ್ಬರು ನನ್ನನ್ನು ಕರೆಸಿಕೊಂಡು, ಕಪಾಟಿನಿಂದ ಭೂಸುಧಾರಣಾ ಅಧಿನಿಯಮದ ಹಳೆಯ ಪ್ರತಿಯನ್ನು ತೆಗೆದು 48ನೇ ಪ್ರಕರಣದ 8ನೇ ಉಪಪ್ರಕರಣದ ಮೇಲೆ ಬೆರಳಿಟ್ಟರು. ನ್ಯಾಯಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿಲ್ಲ ಎಂದು ಅಲ್ಲಿತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಈ ನಿಯಮದ ಉದ್ದೇಶ ಗೇಣಿದಾರ ವಕೀಲರ ಖರ್ಚಿಲ್ಲದೆ ತನ್ನ ಮಾತನ್ನು ತಾನೇ ಹೇಳಿಕೊಳ್ಳಲಿ ಎಂಬುದಾಗಿತ್ತು. ಈ ನಿರ್ಬಂಧವು ವಕೀಲರ ಅಧಿನಿಯಮಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟ್ ರದ್ದುಪಡಿಸಿದ್ದು 1987ರಲ್ಲಿ. ಅಂದಮೇಲೆ ನನ್ನ ವಾಕ್ಯ ಹೇಗೆ ನಿಜವಾದೀತು? ನನ್ನ ಬರಹದಿಂದ ಆ ವಕೀಲರ ಹೆಸರಿಗೆ ಇಲ್ಲದ ಕೀರ್ತಿ ಅಂಟಿಸಿದ್ದಷ್ಟೇ ಅಲ್ಲ, ಅವರು ನಿಜವಾಗಿ ಮಾಡಿದ್ದನ್ನು ಮರೆಮಾಚಿದಂತೆಯೂ ಆಯಿತು ಎಂಬುದು ನನ್ನನ್ನು ಬಹಳ ದಿನ ಕಾಡಿತು. ಮತ್ತೆ ವಿಚಾರಿಸಿದಾಗ, ಅವರು ಸಂಜೆ ಹೊತ್ತು ಹಳ್ಳಿಯ ಜಗಲಿಯ ಮೇಲೆ ಕುಳಿತು ಗೇಣಿದಾರರಿಗೆ ಜಮೀನಿನ ಹಕ್ಕು ಕೇಳುವ 7ನೇ ನಮೂನೆಯ ಅರ್ಜಿಗಳನ್ನು ಹಣ ಪಡೆಯದೆ ತುಂಬಿಕೊಟ್ಟಿದ್ದರು, ನ್ಯಾಯಮಂಡಳಿಯ ಎದುರು ಏನು ಹೇಳಬೇಕೆಂದು ಹೇಳಿಕೊಟ್ಟಿದ್ದರು ಎಂಬುದು ತಿಳಿಯಿತು. ವಾದಿಸಿದ್ದಕ್ಕಿಂತ ಅದು ಸಣ್ಣ ಕೆಲಸವೇನಲ್ಲ.

ಆದ್ದರಿಂದ 1974ರಿಂದ 1987ರ ನಡುವಿನ ಭೂಸುಧಾರಣೆಯ ವಿಷಯ ಬರೆಯುವಾಗ ನಾಲ್ಕು ಪಾತ್ರಗಳನ್ನು ಬೇರ್ಪಡಿಸಿ: ಅರ್ಜಿ ಬರೆದುಕೊಟ್ಟವರು, ನ್ಯಾಯಮಂಡಳಿಗೆ ಸರ್ಕಾರದಿಂದ ಸದಸ್ಯರಾಗಿ ನಾಮಕರಣಗೊಂಡವರು, ನ್ಯಾಯಮಂಡಳಿಯ ಆದೇಶದ ವಿರುದ್ಧ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿದವರು, ಮತ್ತು ಅಂಥ ವಕೀಲರಿಗೆ ಇಲ್ಲಿಂದ ಕಡತ ಒಯ್ದು ಕೊಟ್ಟವರು.

ಹೈಕೋರ್ಟಿನ ಅಚ್ಚಾದ ತೀರ್ಪುಗಳ ಬಗ್ಗೆಯೂ ಒಂದು ಎಚ್ಚರಿಕೆ ಬೇಕು. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕವಾದ್ದರಿಂದ ಅದಕ್ಕೆ ಹಿಂದಿನವನ್ನು ‘ಮೈಸೂರು’ ಸಂಪುಟಗಳಲ್ಲಿ ಹುಡುಕಬೇಕು. ಅಲ್ಲಿ ನಿಮ್ಮ ವ್ಯಕ್ತಿಯ ಹೆಸರು ಇಲ್ಲದಿದ್ದರೆ ಬೇಸರಪಡಬೇಡಿ, ಏಕೆಂದರೆ ಜಿಲ್ಲೆಯ ವಕೀಲರು ಕೆಳಗೆ ಕಟ್ಟಿಕೊಟ್ಟ ಪ್ರಕರಣವನ್ನು ಬೆಂಗಳೂರಿನಲ್ಲಿ ಬೇರೊಬ್ಬರು ವಾದಿಸುವುದು ರೂಢಿ. ಸರ್ಕಾರಿ ವಕೀಲರಾಗಿದ್ದರೆ ಆ ಅವಧಿಯನ್ನು ನೇಮಕಾತಿ ಆದೇಶದಿಂದಲೇ ಖಚಿತಪಡಿಸಿಕೊಳ್ಳಿ. ಪಬ್ಲಿಕ್ ಪ್ರಾಸಿಕ್ಯೂಟರ್ ಆಗಲು 1973ರ ದಂಡ ಪ್ರಕ್ರಿಯಾ ಸಂಹಿತೆಯ ಪ್ರಕಾರ ಕನಿಷ್ಠ 7 ವರ್ಷಗಳ ವೃತ್ತಿ ಬೇಕಿತ್ತು, ಹೀಗಾಗಿ ಆ ದಿನಾಂಕವು ನೋಂದಣಿಯ ವರ್ಷಕ್ಕೆ ತಾಳೆಯಾಗಬೇಕು.

ಸದನಕ್ಕೆ ಹೋದ ಮೇಲೆ

ಶಾಸಕರಾದವರು ವಕೀಲಿಕೆ ಬಿಟ್ಟೇಬಿಡಬೇಕು ಎಂಬ ಭಾವನೆ ನಮ್ಮಲ್ಲಿದೆ. ಅದು ಸರಿಯಲ್ಲ; ಶಾಸಕರು, ಸಂಸದರು ನ್ಯಾಯಾಲಯದಲ್ಲಿ ವೃತ್ತಿ ಮುಂದುವರಿಸಲು ಅಡ್ಡಿಯಿಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 25ರಂದು ಹೇಳಿದೆ. ಆದ್ದರಿಂದ ‘ಇಂಥ ವರ್ಷ ವೃತ್ತಿ ತೊರೆದರು’ ಎಂದು ಬರೆಯುವ ಮೊದಲು ಪಾಟಿ ಸವಾಲಿನ ಸಾಲುಗಳಲ್ಲಿ ಅವರ ಹೆಸರು ಯಾವಾಗ ನಿಂತಿತು ಎಂದು ನೋಡಿ. ಚುನಾವಣೆಯ ನಾಮಪತ್ರದೊಡನೆ ಸಲ್ಲಿಸುವ 26ನೇ ನಮೂನೆಯ ಪ್ರಮಾಣಪತ್ರದಲ್ಲಿ ವಿದ್ಯಾರ್ಹತೆ, ಆಸ್ತಿ, ಬಾಕಿ ಇರುವ ಕ್ರಿಮಿನಲ್ ಪ್ರಕರಣಗಳ ವಿವರ ಇರುತ್ತದೆ. 2004ರ ವಿಧಾನಸಭಾ ಚುನಾವಣೆಯಿಂದ ಈಚಿನವನ್ನು ನೋಡಬಹುದು.

ಆಮೇಲೆ ವಿಧಾನಸಭೆಯ ನಡವಳಿಗಳನ್ನು ಓದಿ. ಕಂದಾಯ ಅಥವಾ ಭೂಮಿಗೆ ಸಂಬಂಧಿಸಿದ ಮಸೂದೆ ಖಂಡವಾರು ಚರ್ಚೆಗೆ ಬಂದ ದಿನಗಳನ್ನು ಆರಿಸಿಕೊಳ್ಳಿ, ಏಕೆಂದರೆ ಹಳೆಯ ವಕೀಲ ಎದ್ದು ನಿಲ್ಲುವುದು ಆಗಲೇ. ಭಾಷಣಕ್ಕಿಂತ ಸಚಿವರಿಗೆ ಕೇಳಿದ ಉಪಪ್ರಶ್ನೆಗಳನ್ನು ಗಮನಿಸಿ, ಅವುಗಳನ್ನು ಇಪ್ಪತ್ತು ವರ್ಷ ಹಿಂದಿನ ಪಾಟಿ ಸವಾಲಿನ ಪಕ್ಕದಲ್ಲಿಟ್ಟು ನೋಡಿ. ಮೊದಲು ಅಲ್ಲಗಳೆಯಲಾಗದ್ದನ್ನು ಒಪ್ಪಿಸಿಕೊಳ್ಳುವ, ಆಮೇಲೆ ದಾಖಲೆ ಮುಂದಿಡುವ ಅದೇ ಕ್ರಮ ಅಲ್ಲಿ ಕಂಡರೆ, ನಿಮ್ಮ ಬರಹಕ್ಕೆ ಅದಕ್ಕಿಂತ ಒಳ್ಳೆಯ ವಸ್ತು ಬೇರೆ ಬೇಡ.

ವ್ಯಕ್ತಿಯನ್ನು ಖುದ್ದಾಗಿ ಮಾತನಾಡಿಸುವುದನ್ನು ಕೊನೆಗೆ ಇಟ್ಟುಕೊಳ್ಳಿ. ಕೈಯಲ್ಲಿ ಕಡತವಿಲ್ಲದೆ ಹೋದರೆ ಕೇಳಿ ಬರುವುದು ಭಾಷಣ ಮಾತ್ರ. ‘ಈ ಪ್ರಕರಣದಲ್ಲಿ ಎರಡನೇ ಸಾಕ್ಷಿಯನ್ನು ನೀವು ಏಕೆ ಪಾಟಿ ಸವಾಲು ಮಾಡಲಿಲ್ಲ ಸಾರ್?’ ಎಂದು ಕೇಳಿದರೆ ಅವರೂ ಎದ್ದು ಕುಳಿತು ಉತ್ತರಿಸುತ್ತಾರೆ. ಕಕ್ಷಿದಾರನು ವಕೀಲರಿಗೆ ನಂಬಿ ಹೇಳಿದ ಮಾತನ್ನು ಮಾತ್ರ ಕೆದಕಬೇಡಿ. ಹಿಂದಿನ ಸಾಕ್ಷ್ಯ ಅಧಿನಿಯಮದ 126ನೇ ಪ್ರಕರಣವೂ, ಈಗ ಅದರ ಜಾಗದಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಪ್ರಕರಣವೂ ಆ ಗುಟ್ಟನ್ನು ಕಾಪಾಡುತ್ತವೆ, ವ್ಯಾಜ್ಯ ಮುಗಿದ ಮೇಲೆಯೂ ಆ ಬದ್ಧತೆ ಮುಗಿಯುವುದಿಲ್ಲ.

ಬರೆಯುವಾಗ ಕಕ್ಷಿದಾರರ ಹೆಸರು ಬಿಟ್ಟು ನ್ಯಾಯಾಲಯ, ಪ್ರಕರಣದ ಸಂಖ್ಯೆ, ವರ್ಷ ಇವನ್ನು ಮಾತ್ರ ಕೊಡಿ. ಲೈಂಗಿಕ ಅಪರಾಧಗಳು ಮತ್ತು ಮಕ್ಕಳಿಗೆ ಸಂಬಂಧಿಸಿದ ಪ್ರಕರಣಗಳಲ್ಲಾದರೆ ಸಂಖ್ಯೆಯನ್ನೂ ಊರನ್ನೂ ಕೊಡಬೇಡಿ, ಸಂತ್ರಸ್ತರ ಗುರುತು ಹೊರಗೆಡಹುವುದು ಕಾನೂನಿನ ಪ್ರಕಾರ ಅಪರಾಧ. ಆರೋಪಿಯ ಪರ ನಿಂತದ್ದನ್ನು ಆರೋಪಿಯ ಅಭಿಪ್ರಾಯಕ್ಕೆ ಒಪ್ಪಿದಂತೆ ಎಂದು ಚಿತ್ರಿಸುವುದು, ಎದುರು ಪಕ್ಷದವರು ಚುನಾವಣೆಯ ಸಮಯದಲ್ಲಿ ಎಷ್ಟೇ ಮಾಡಿದರೂ, ವೃತ್ತಿ ಚರಿತ್ರೆ ಬರೆಯುವವರು ಮಾಡಬಾರದ ಕೆಲಸ. ಕರಡು ಮುಗಿದ ಮೇಲೆ ಅದನ್ನು ಇಬ್ಬರಿಗೆ ಓದಲು ಕೊಡಿ: ಅದೇ ಕಾಲದಲ್ಲಿ ಎದುರು ಪಕ್ಷದಲ್ಲಿ ವಾದಿಸುತ್ತಿದ್ದ ವಕೀಲರೊಬ್ಬರಿಗೆ, ಮತ್ತು ಡೈರಿ ಇಟ್ಟ ಗುಮಾಸ್ತರಿಗೆ. ಅವರು ತೋರಿಸಿದ ತಿದ್ದುಪಡಿಗಳನ್ನು ಹಾಕಿ, ಪಡೆದ ನಕಲು ಪ್ರತಿಗಳನ್ನು ಒಂದು ಕಟ್ಟು ಮಾಡಿ, ಬರಹದ ಪ್ರತಿಯೊಡನೆ ವಕೀಲರ ಸಂಘದ ಗ್ರಂಥಾಲಯಕ್ಕೆ ಒಪ್ಪಿಸಿ ರಸೀದಿ ಪಡೆಯಿರಿ.